ಶುಗರ್ ಇದ್ದ ತಾಯಿಯ ಕೂಸು: ಹೆರಿಗೆ ಕೋಣೆಯ ಪಾಠಗಳು

1. ಕೂಸು ದಪ್ಪಗಿದೆ ಎಂದು ಹಿಗ್ಗುವ ಮುಂಚೆ ತಾಯಿ ಕಾರ್ಡ್ ನೋಡಿ.
ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆ ನಾಲ್ಕು ಕೆ.ಜಿ. ಕೂಸು ಹುಟ್ಟಿದರೆ ಮನೆಮಂದಿಗೆಲ್ಲ ಸಂಭ್ರಮ. ನನಗೆ ಮಾತ್ರ ತಾಯಿಗೆ ಶುಗರ್ ಇತ್ತೇನೋ ಎಂದು ಎದೆ ಢವಗುಟ್ಟುತ್ತದೆ. ತಾಯಿಯ ರಕ್ತದ ಸಕ್ಕರೆ ಮಾಸು ದಾಟಿ ಕೂಸಿಗೆ ಹೋಗುತ್ತದೆ, ಇನ್ಸುಲಿನ್ ದಾಟುವುದಿಲ್ಲ. ಆ ಸಕ್ಕರೆ ಕರಗಿಸಲು ಕೂಸು ಹೊಟ್ಟೆಯೊಳಗೇ ತನ್ನ ಇನ್ಸುಲಿನ್ ಹೆಚ್ಚಿಸಿಕೊಳ್ಳುತ್ತದೆ, ಮೈತುಂಬಿಕೊಳ್ಳುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದೊಡನೆ ಸಕ್ಕರೆ ಬರುವುದು ನಿಲ್ಲುತ್ತದೆ, ಇನ್ಸುಲಿನ್ ಉಳಿದಿರುತ್ತದೆ. ಒಂದೆರಡು ತಾಸಿನಲ್ಲೇ ಕೂಸಿನ ಸಕ್ಕರೆ ಕುಸಿಯಬಹುದು.

2. ಸುಮ್ಮನೆ ಮಲಗಿದ ಕೂಸನ್ನು ನಂಬಬೇಡಿ.
ಸಕ್ಕರೆ ಇಳಿದರೂ ಕೆಲವು ಕೂಸುಗಳಲ್ಲಿ ಯಾವ ಲಕ್ಷಣವೂ ಕಾಣುವುದಿಲ್ಲ. ಹಿಮ್ಮಡಿಯ ಪಕ್ಕಕ್ಕೆ ಚುಚ್ಚಿ ಒಂದು ಹನಿ ರಕ್ತ ತೆಗೆದು ನೋಡಲೇಬೇಕು: ಹುಟ್ಟಿ ಒಂದು ತಾಸಿಗೆ, ಆಮೇಲೆ ನಾಲ್ಕು ತಾಸಿಗೊಮ್ಮೆ, ಸತತ ನಾಲ್ಕು ಸಲ ಸರಿ ಬರುವ ತನಕ. 45 ಮಿ.ಗ್ರಾಂಗಿಂತ ಕಡಿಮೆ ಬಂದರೆ ತಕ್ಷಣ ವೈದ್ಯರನ್ನು ಕರೆಯಿರಿ. ಕೈಕಾಲು ನಡುಗುತ್ತಿದ್ದರೆ ಮೆಲ್ಲಗೆ ಹಿಡಿದು ನೋಡಿ. ಹಿಡಿದರೂ ನಿಲ್ಲದಿದ್ದರೆ ಅದು ಫಿಟ್ಸ್ ಇರಬಹುದು.

3. ಮೊದಲ ಹಾಲೇ ಮೊದಲ ಮದ್ದು.
“ಸಕ್ರಿ ಕಡಿಮಿ ಐತಿ ಅಂದ್ರಲ್ಲ, ಸಕ್ರಿ ನೀರು ಕುಡಸ್ಲೇನ್ರೀ?” ಎಂದು ಅಜ್ಜಿಯರು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. “ಬ್ಯಾಡ ಯವ್ವಾ, ಜೇನುತುಪ್ಪನೂ ಬ್ಯಾಡ, ಎದಿಗೆ ಹಾಕ್ರಿ” ಎನ್ನುತ್ತೇನೆ. ಸಕ್ಕರೆ ನೀರು ಗಳಿಗೆ ಹೊತ್ತು ಸಕ್ಕರೆ ಏರಿಸೀತು. ಏರಿದ ಸಕ್ಕರೆಗೆ ಮತ್ತೆ ಇನ್ಸುಲಿನ್ ಸುರಿದು ಕೂಸು ಮತ್ತೆ ಕುಸಿದೀತು. ಹಳದಿ ಹಾಲು ಚೆಲ್ಲಬೇಡಿ, ಒಂದು ತಾಸಿನೊಳಗೆ ಕುಡಿಸಿ. ಆಪರೇಷನ್ ಆದ ತಾಯಂದಿರ ವಿಷಯದಲ್ಲೇ ಇದು ಹೆಚ್ಚು ತಡವಾಗುವುದು. ಪಕ್ಕದಲ್ಲಿ ನಿಂತು ಕೂಸನ್ನು ಹಿಡಿದುಕೊಡಿ.

4. ಉಸಿರು ಎಣಿಸಿ.
ಇಂಥ ಕೂಸಿನ ಶ್ವಾಸಕೋಶ ಬಲಿಯುವುದು ತಡ. ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರು, ಒಳಗೆ ಸೆಳೆಯುವ ಪಕ್ಕೆಲುಬು, ನರಳುವ ಸದ್ದು ಕಂಡರೆ ಕಾಯಬೇಡಿ. ನಮ್ಮಲ್ಲಿಂದ ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಹೆಚ್ಚುಕಡಿಮೆ ಎರಡು ತಾಸಿನ ದಾರಿ. ಹೊರಡುವ ಮುಂಚೆ ಸಕ್ಕರೆ ಸರಿಪಡಿಸಿ, ದಾರಿಯುದ್ದಕ್ಕೂ ಕೂಸನ್ನು ಬೆಚ್ಚಗಿಡಿ. ಕಾಮಾಲೆ, ಕ್ಯಾಲ್ಸಿಯಂ ಕೊರತೆ, ಹೆರಿಗೆಯಲ್ಲಿ ಭುಜ ಸಿಕ್ಕಿ ಕೈ ಜೋತುಬೀಳುವುದು, ಇವೂ ಇಂಥ ಕೂಸುಗಳಲ್ಲಿ ಹೆಚ್ಚು.

5. ಪರೀಕ್ಷೆ ಎರಡು ಊರುಗಳ ನಡುವೆ ಕಳೆದುಹೋಗುತ್ತದೆ.
ನಾನು ಕಂಡಂತೆ ದೊಡ್ಡ ತೊಡಕು ಇದೇ. ಗರ್ಭಿಣಿಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ತಾಸಿಗೆ ರಕ್ತ ನೋಡಬೇಕು. 140 ಅಥವಾ ಮೇಲಿದ್ದರೆ ಗರ್ಭಿಣಿಯ ಶುಗರ್. ಖಾಲಿ ಹೊಟ್ಟೆಯಲ್ಲೇ ಬರಬೇಕೆಂದಿಲ್ಲ. ಮೊದಲ ಭೇಟಿಗೊಮ್ಮೆ, 24ರಿಂದ 28 ವಾರದೊಳಗೆ ಇನ್ನೊಮ್ಮೆ. ಆ ಎರಡನೆಯ ಸಲದ ಹೊತ್ತಿಗೇ ಕುಬುಸ ಮುಗಿಸಿ ಹೆಣ್ಣುಮಗಳು ತವರಿಗೆ ಬರುತ್ತಾಳೆ. ಗಂಡನ ಊರಿನ ಆಶಾ ತವರಿನಲ್ಲಿ ಮಾಡಿಸುತ್ತಾರೆಂದುಕೊಳ್ಳುತ್ತಾಳೆ, ತವರಿನ ಆಶಾ ಆಗಿದೆಯೆಂದುಕೊಳ್ಳುತ್ತಾಳೆ. ಶುಗರ್ ಗೊತ್ತಾದರೆ ಹೆಚ್ಚಿನವರಿಗೆ ಊಟ ತಿದ್ದಿಕೊಂಡರೇ ಸಾಕು; ಎರಡು ವಾರಕ್ಕೂ ಹತೋಟಿಗೆ ಬರದಿದ್ದರೆ ಮಾತ್ರೆ, ಇನ್ಸುಲಿನ್. ಕಾಲುವೆ ನೀರು ಬಂದ ಮೇಲೆ ನಮ್ಮ ತಟ್ಟೆಯಲ್ಲಿ ಜೋಳದ ರೊಟ್ಟಿ ಕಡಿಮೆಯಾಗಿ ಅನ್ನ ಹೆಚ್ಚಾಗಿದೆ. ಅನ್ನ ಇಳಿಸಿ, ಪಲ್ಯ, ಕಾಳು ಏರಿಸಿ.

ಮಗಳು ತವರಿಗೆ ಬಂದ ದಿನವೇ ತಾಯಿ ಕಾರ್ಡ್ ತೆಗೆದು ನೋಡಿ. ಎರಡನೆಯ ಪರೀಕ್ಷೆಯ ಜಾಗ ಖಾಲಿಯಿದ್ದರೆ ಮರುದಿನವೇ ಆಸ್ಪತ್ರೆಗೆ ಕರೆತನ್ನಿ.