ಹಿತ್ತಲಿನ ಸಸಿಗೆ ಮೊದಲ ಬೇಸಿಗೆಯ ಲೆಕ್ಕ

ಕೃಷಿ ಹವಾಮಾನದ ವಿಂಗಡಣೆಯಲ್ಲಿ ದಕ್ಷಿಣ ಒಣ ವಲಯಕ್ಕೆ ಸೇರುವ ಸಂತೆಮರಹಳ್ಳಿ, ಚಾಮರಾಜನಗರ, ಗುಂಡ್ಲುಪೇಟೆ ಸೀಮೆಗೆ ಮಳೆ ಮುಖ್ಯವಾಗಿ ಎರಡು ಕಂತುಗಳಲ್ಲಿ ಬರುತ್ತದೆ: ಒಂದು, ಏಪ್ರಿಲ್ ಕೊನೆಯಿಂದ ಮೇ ತಿಂಗಳವರೆಗಿನ ಭರಣಿ, ಕೃತ್ತಿಕೆ ಮಳೆ, ಇನ್ನೊಂದು, ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳ ಉತ್ತರೆ, ಹಸ್ತ, ಚಿತ್ತೆ ಮಳೆ. ನಡುವಣ ಜೂನ್, ಜುಲೈನಲ್ಲಿ ಮಲೆನಾಡು ನೆನೆಯುತ್ತಿರುವಾಗ ಇಲ್ಲಿ ಮಳೆಗಿಂತ ಗಾಳಿಯೇ ಹೆಚ್ಚು. ಹೀಗಾಗಿ ಜೂನ್ 5ರ ಪರಿಸರ ದಿನಕ್ಕೋ, 1950ರಲ್ಲಿ ಆರಂಭವಾಗಿ ಜುಲೈ ಮೊದಲ ವಾರ ನಡೆಯುವ ವನಮಹೋತ್ಸವಕ್ಕೋ ಹೊಂದಿಸಿ ನೆಟ್ಟ ಸಸಿಗೆ ನೀರಿನ ಆಸರೆ ಇಲ್ಲದಿದ್ದರೆ ಬೇರೂರುವ ಮೊದಲೇ ಅದು ಬಾಡುತ್ತದೆ. ಸಸಿಯ ಅಳಿವು ಉಳಿವು ಫೆಬ್ರುವರಿಯಿಂದ ಮೇವರೆಗಿನ ಮೊದಲ ಬೇಸಿಗೆಯಲ್ಲಿ ತೀರ್ಮಾನವಾಗುವುದರಿಂದ, ಮುಂದಿನ ಹಂತಗಳೆಲ್ಲವನ್ನೂ ಆ ಬೇಸಿಗೆಯನ್ನು ಗಮನದಲ್ಲಿಟ್ಟೇ ಯೋಜಿಸಬೇಕಾಗುತ್ತದೆ.

1. ಜಾಗ ಮತ್ತು ಜಾತಿ

ಬೇರು ಬಹುದೂರ ಹರಡುವ ಆಲ, ಅರಳಿ, ಅತ್ತಿಯನ್ನು ಮನೆಯಂಗಳದಲ್ಲಿ ನೆಡಬಾರದು. ಮಾವು, ಹುಣಸೆ, ನೇರಳೆಗಳಿಗೆ ಗೋಡೆಯಿಂದ ಕನಿಷ್ಠ 20 ಅಡಿ, ಕರಿಬೇವು, ನಿಂಬೆ, ಸೀಬೆಗಳಿಗೆ 8ರಿಂದ 10 ಅಡಿ ಅಂತರ ಇರಬೇಕು. ಹೊಂಗೆ ಮತ್ತು ಬೇವು ಈ ಸೀಮೆಯ ಒಣಹವೆಗೆ ಒಗ್ಗಿದ ಮರಗಳಾಗಿದ್ದು, ಮನೆಯ ಪಶ್ಚಿಮಕ್ಕೆ ಇವನ್ನು ಬೆಳೆಸಿದರೆ ಸಂಜೆಬಿಸಿಲು ಗೋಡೆಗೆ ಬೀಳುವುದಿಲ್ಲ.

ರೇಷ್ಮೆ ಕೃಷಿಯಿರುವ ಮನೆಗಳಲ್ಲಿ ಇನ್ನೊಂದು ಎಚ್ಚರ ಅಗತ್ಯ. ಹಿಪ್ಪುನೇರಳೆಯ ಕುಡಿಯನ್ನು ಮುರುಟಿಸುವ ‘ತುಕ್ರ’ಕ್ಕೆ ಕಾರಣವಾದ ಹಿಟ್ಟುತಿಗಣೆಯು, ಅಂದರೆ ಬಿಳಿ ಹಿಟ್ಟು ಮೆತ್ತಿದಂತೆ ಕಾಣುವ ರಸಹೀರುವ ಕೀಟವು, ದಾಸವಾಳ ಮತ್ತು ಸೀಬೆ ಗಿಡಗಳಲ್ಲಿಯೂ ಬದುಕುವುದರಿಂದ ಅವನ್ನು ತೋಟದ ಅಂಚಿನಿಂದ ದೂರವಿಡುವುದು ಲೇಸು. ಮರಗಳಿಗೆ ಹೊಡೆದ ಕೀಟನಾಶಕ ಗಾಳಿಯಲ್ಲಿ ತೇಲಿ ಸೊಪ್ಪಿನ ಮೇಲೆ ಬಿದ್ದರೆ ಅದನ್ನು ತಿಂದ ರೇಷ್ಮೆಹುಳುಗಳು ಸಾಯುತ್ತವೆ.

2. ಗುಣಿ ತೆಗೆಯುವುದು

ಭರಣಿ, ಕೃತ್ತಿಕೆ ಮಳೆಗೆ ನೆಲ ಮೆದುವಾದಾಗ ಎರಡು ಅಡಿ ಉದ್ದ, ಅಗಲ, ಆಳದ ಗುಣಿ ತೆಗೆದು, ಮೇಲ್ಮಣ್ಣು ಮತ್ತು ಕೆಳಮಣ್ಣನ್ನು ಬೇರೆ ಬೇರೆ ಗುಡ್ಡೆ ಹಾಕಿ, ಕೆಲವು ವಾರ ಬಿಸಿಲಿಗೆ ಬಿಡಬೇಕು. ಮಾವಿಗೆ ಮೂರು ಅಡಿ ಬೇಕಾಗುತ್ತದೆ. ನೆಡುವ ಮುನ್ನ ಮೇಲ್ಮಣ್ಣಿಗೆ ಎರಡು ಬುಟ್ಟಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೂ, ಗೆದ್ದಲು ತಡೆಯಲು ಅರ್ಧ ಕಿಲೋ ಬೇವಿನ ಹಿಂಡಿಯನ್ನೂ ಬೆರೆಸಬೇಕು. ರೇಷ್ಮೆಹುಳುವಿನ ಹಿಕ್ಕೆ ಮತ್ತು ಅದು ತಿಂದುಳಿದ ಸೊಪ್ಪನ್ನು ಕಾಂಪೋಸ್ಟ್ ಮಾಡಿ ಬಳಸಬಹುದಾದರೂ, ಹಸಿಯಾಗಿ ಗುಣಿಗೆ ಸುರಿದರೆ ಕೊಳೆಯುವಾಗ ಹುಟ್ಟುವ ಬಿಸಿಗೆ ಎಳೆಬೇರು ಬೇಯುತ್ತದೆ.

3. ಸಸಿಯ ಆಯ್ಕೆ

ಎತ್ತರವೊಂದನ್ನೇ ನೋಡಿ ಸಸಿ ಕೊಳ್ಳುವುದು ಸಾಮಾನ್ಯವಾದ ತಪ್ಪು. ಪಾಲಿಥೀನ್ ಚೀಲದಲ್ಲಿ ಬಹುಕಾಲ ಉಳಿದ ಸಸಿಯ ತಾಯಿಬೇರು ತಳದಲ್ಲಿ ಸುರುಳಿ ಸುತ್ತಿಕೊಂಡಿರುತ್ತದೆ. ಹಾಗೆಯೇ ನೆಟ್ಟರೆ ಆ ಸುರುಳಿ ಬಿಚ್ಚಿಕೊಳ್ಳದೆ ಮರವಾದ ಮೇಲೂ ಗಾಳಿಗೆ ಉರುಳುವ ಭಯವಿರುತ್ತದೆ. ಎರಡರಿಂದ ಮೂರು ಅಡಿ ಎತ್ತರದ, ನೇರ ಕಾಂಡದ, ಬೇರು ಚೀಲದಿಂದ ಹೊರಬಂದಿರದ ಸಸಿ ಉತ್ತಮ.

4. ನೆಡುವುದು

ಉತ್ತರೆ, ಹಸ್ತ ಮಳೆ ಬಿದ್ದು ಮಣ್ಣು ಆಳದವರೆಗೆ ನೆನೆದ ಮೇಲೆ, ಇಳಿಹೊತ್ತಿನಲ್ಲಿ, ಬೇರಿನ ಮಣ್ಣುಹೆಂಟೆ ಒಡೆಯದಂತೆ ಚೀಲವನ್ನು ಬ್ಲೇಡಿನಿಂದ ಸೀಳಿ ಪೂರ್ತಿ ತೆಗೆದು, ತಳದಲ್ಲಿ ಸುತ್ತಿಕೊಂಡ ಬೇರಿದ್ದರೆ ಅದನ್ನಷ್ಟೇ ಕತ್ತರಿಸಿ ನೆಡಬೇಕು. ಚೀಲದಲ್ಲಿ ಮಣ್ಣು ಎಲ್ಲಿಯವರೆಗಿತ್ತೋ ಅಲ್ಲಿಯವರೆಗೇ ಹೂಳಬೇಕು. ಕಾಂಡವನ್ನು ಆಳಕ್ಕೆ ಹೂತರೆ ತೊಗಟೆ ಕೊಳೆಯುತ್ತದೆ. ಕಸಿ ಗಿಡದಲ್ಲಿ ಕಸಿಗಂಟು ನೆಲದ ಮೇಲೆಯೇ ಇರಬೇಕು.

5. ಆಸರೆ ಮತ್ತು ಬೇಲಿ

ಮುಂದಿನ ಆಷಾಢದ ಗಾಳಿ ಪಡುವಣದಿಂದ ಬೀಸುವುದರಿಂದ ಊರೆಗೋಲನ್ನು ಸಸಿಯ ಪಶ್ಚಿಮಕ್ಕೆ ನೆಟ್ಟು, ಗೋಣಿ ಹುರಿಯಿಂದ ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಬೇಕು. ತುಸು ಅಲುಗಾಡಿದರೇ ಕಾಂಡ ಗಟ್ಟಿಯಾಗುವುದರಿಂದ ಕಟ್ಟು ಬಿಗಿಯಾಗಬಾರದು ಮತ್ತು ಒಂದು ವರ್ಷದ ಬಳಿಕ ಕೋಲನ್ನು ತೆಗೆಯಬೇಕು. ಆಡುಗಳಿರುವ ಬೀದಿಯಲ್ಲಿ ಸುತ್ತ ಮುಳ್ಳಿನ ಬೇಲಿ ಅನಿವಾರ್ಯ.

6. ನೀರು ಮತ್ತು ಮುಚ್ಚಿಗೆ

ದಿನವೂ ಒಂದು ಚೊಂಬು ನೀರು ಹಾಕಿದರೆ ಬೇರು ಮೇಲ್ಪದರದಲ್ಲೇ ಉಳಿದು ಬೇಸಿಗೆಯಲ್ಲಿ ಬೇಯುತ್ತದೆ. ಬದಲಾಗಿ ಕಾಂಡದ ಸುತ್ತ ಎರಡು ಅಡಿ ಅಗಲದ ಪಾತಿ ಮಾಡಿ ಒಮ್ಮೆಗೆ ಒಂದು ಬಿಂದಿಗೆ, ಅಂದರೆ ಸುಮಾರು 15 ಲೀಟರ್, ನೀರುಣಿಸಿದರೆ ಬೇರು ತೇವವನ್ನು ಅರಸಿ ಆಳಕ್ಕಿಳಿಯುತ್ತದೆ. ಬೇಸಿಗೆಯಲ್ಲಿ ಕೆಮ್ಮಣ್ಣಿಗೆ ನಾಲ್ಕು ದಿನಕ್ಕೊಮ್ಮೆ, ತೇವ ಹಿಡಿದಿಡುವ ಎರೆಮಣ್ಣಿಗೆ ವಾರಕ್ಕೊಮ್ಮೆ ಇಷ್ಟು ನೀರು ಸಾಕಾಗುತ್ತದೆ. ಪಾತಿಯ ಮೇಲೆ ಹೊಂಗೆ ಸೊಪ್ಪನ್ನೋ ತೆಂಗಿನ ಸಿಪ್ಪೆಯನ್ನೋ ಮೂರು ಅಂಗುಲ ದಪ್ಪಕ್ಕೆ ಹರಡಿದರೆ ತೇವ ಬೇಗ ಆರುವುದಿಲ್ಲ. ಈ ಹೊದಿಕೆಗೇ ಮುಚ್ಚಿಗೆ ಎಂದು ಹೆಸರು. ಗೆದ್ದಲು ಹತ್ತದಿರಲು ಅದು ಕಾಂಡದಿಂದ ನಾಲ್ಕು ಬೆರಳು ದೂರವಿರಬೇಕು.

7. ಎರಡನೆಯ ವರ್ಷದಿಂದ

ಮೊದಲ ವರ್ಷ ಒಣಗಿದ, ಮುರಿದ ಟೊಂಗೆಗಳನ್ನು ಮಾತ್ರ ತೆಗೆದು, ಬಳಿಕ ವರ್ಷಕ್ಕಿಷ್ಟರಂತೆ ಕೆಳಗಿನ ಕೊಂಬೆಗಳನ್ನು ಸವರಬಹುದು. ಮಳೆಗಾಲದ ಆರಂಭದಲ್ಲಿ ಪಾತಿಯನ್ನು ಕೊಂಬೆಗಳ ಹರವಿನಷ್ಟು ಅಗಲಿಸಿ ಗೊಬ್ಬರ ಕೊಟ್ಟರೆ, ಮೂರನೆಯ ಬೇಸಿಗೆಯ ಹೊತ್ತಿಗೆ ಹೊಂಗೆ, ಬೇವುಗಳಿಗೆ ಕೈನೀರಿನ ಅಗತ್ಯ ಬಹುಮಟ್ಟಿಗೆ ತಪ್ಪುತ್ತದೆ.

ಜಮೀನಿನ ಬದುವಿನಲ್ಲಿಯೂ ಮರ ಬೆಳೆಸಬಯಸುವ ರೈತರು ಅರಣ್ಯ ಇಲಾಖೆಯು 2011-12ರಲ್ಲಿ ಆರಂಭಿಸಿದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯ ಕುರಿತು ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಬಹುದು. ಇಲಾಖೆಯ ಸಸ್ಯಕ್ಷೇತ್ರದಿಂದ ರಿಯಾಯಿತಿ ದರದಲ್ಲಿ ಪಡೆದ ಸಸಿಗಳ ಪೈಕಿ ಬದುಕುಳಿದವುಗಳಿಗೆ ಮಾತ್ರ ಮೂರು ವರ್ಷಗಳ ಕಾಲ ಪ್ರೋತ್ಸಾಹಧನ ಸಿಗುವುದರಿಂದ, ಸಸಿಗಳ ಸಂಖ್ಯೆಯನ್ನು ಮನೆಯಲ್ಲಿ ಬೇಸಿಗೆಗೆ ಒದಗುವ ನೀರಿಗೆ ತಕ್ಕಂತೆ ನಿಗದಿಪಡಿಸಿಕೊಳ್ಳುವುದು ಎಲ್ಲ ರೀತಿಯಿಂದಲೂ ಲಾಭಕರ.