ಒಂದೇ ದಿನ, ಒಂದೇ ಬೋಟು, ಎರಡು ದರ: ಎಕ್ಸೆಲ್‌ನಲ್ಲಿ ಹುಡುಕುವುದು ಹೇಗೆ?

ಭಟ್ಕಳದ ಮಾವಿನಕುರ್ವೆಯಂಥ ಬಂದರಿನಲ್ಲಿ ಬಂಗಡೆಗೆ ಒಂದು ದರ, ಶೆಟ್ಲಿಗೆ ಇನ್ನೊಂದು. ನಿನ್ನೆಯ ದರ ಇವತ್ತಿಗಿಲ್ಲ. ಹೀಗಾಗಿ ಲೆಕ್ಕ ಬರೆಯುವವರಿಗೆ ‘ಬಂಗಡೆಗೆ ಎಷ್ಟು ಸಿಕ್ಕಿತು?’ ಎಂದಷ್ಟೇ ಕೇಳಿದರೆ ಉತ್ತರ ಹೇಳಲಾಗದು. ಯಾವ ದಿನ, ಯಾವ ಬೋಟು ಎನ್ನುವುದೂ ಗೊತ್ತಾಗಬೇಕು. ಎಲ್ಲರೂ ಮೊದಲು ಕಲಿಯುವ ವಿಲುಕಪ್ ಸೂತ್ರ ಇಲ್ಲೇ ಕೈಕೊಡುತ್ತದೆ. ಅದು ನೋಡುವುದು ಒಂದೇ ಕಾಲಂ. ಮೊದಲು ಸಿಕ್ಕ ಸಾಲನ್ನು ತಂದಿಟ್ಟು ಸುಮ್ಮನಾಗುತ್ತದೆ.

ಹಾಳೆಯಲ್ಲಿ ಎ ಕಾಲಂ ದಿನಾಂಕಕ್ಕೆ, ಬಿ ಬೋಟಿಗೆ, ಸಿ ಮೀನಿಗೆ, ಡಿ ತೂಕಕ್ಕೆ, ಇ ಕಿಲೋ ದರಕ್ಕೆ, ಎಫ್ ಮೊತ್ತಕ್ಕೆ ಎಂದುಕೊಳ್ಳಿ. ಹುಡುಕಬೇಕಾದ ದಿನಾಂಕವನ್ನು ಜೆ1, ಬೋಟನ್ನು ಜೆ2, ಮೀನನ್ನು ಜೆ3ರಲ್ಲಿ ಬರೆಯಿರಿ. (ಮುಂದಿನ ಸೂತ್ರಗಳ ಹೆಸರು ಮತ್ತು ಕಾಲಂ ಅಕ್ಷರಗಳನ್ನು ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕು.)

ಮೊದಲ ಹೆಜ್ಜೆ ಹುಡುಕಾಟವಲ್ಲ, ಎಣಿಕೆ:

=ಕೌಂಟ್‌ಇಫ್ಸ್(ಎ2:ಎ500,ಜೆ1,ಬಿ2:ಬಿ500,ಜೆ2,ಸಿ2:ಸಿ500,ಜೆ3)

ಉತ್ತರ 1 ಬಂದರೆ ಕೆಲಸ ಸುಲಭ. ಎಕ್ಸೆಲ್ 2021 ಅಥವಾ 365 ಇದ್ದರೆ ಹೀಗೆ ಬರೆಯಿರಿ:

=ಎಕ್ಸ್‌ಲುಕಪ್(1,(ಎ2:ಎ500=ಜೆ1)*(ಬಿ2:ಬಿ500=ಜೆ2)*(ಸಿ2:ಸಿ500=ಜೆ3),ಇ2:ಇ500,"ಸಿಗಲಿಲ್ಲ")

ಪ್ರತಿ ಆವರಣದೊಳಗಿನ ಷರತ್ತು ಕೂಡಿಬಂದರೆ 1, ಇಲ್ಲವಾದರೆ 0. ಮೂರನ್ನೂ ಗುಣಿಸಿದಾಗ ಎಲ್ಲ ಷರತ್ತು ಕೂಡಿಬಂದ ಸಾಲಿನಲ್ಲಿ ಮಾತ್ರ 1 ಉಳಿಯುತ್ತದೆ. ಗೂಗಲ್ ಶೀಟ್ಸ್‌ನಲ್ಲಾದರೆ ಇಡೀ ಸೂತ್ರವನ್ನು ಅರೇಫಾರ್ಮುಲಾ ಆವರಣದೊಳಗೆ ಹಾಕಿ.

ಹಳೆಯ ಎಕ್ಸೆಲ್‌ನವರು ಜಿ2ರಲ್ಲಿ =ಎ2&"|"&ಬಿ2&"|"&ಸಿ2 ಎಂದು ಬರೆದು ಕೆಳಗಿನವರೆಗೆ ಎಳೆಯಿರಿ. ನಡುವಿನ ಗೆರೆ ಬಿಡಬೇಡಿ. ಅದಿಲ್ಲದಿದ್ದರೆ 1 ಮತ್ತು 12 ಸೇರಿದರೂ 112, 11 ಮತ್ತು 2 ಸೇರಿದರೂ 112. ಜೋಡಿಸಿದಾಗ 2025ರ ಜನವರಿ 1 ಎಂಬ ದಿನಾಂಕ 45658 ಎಂದು ಕಾಣಿಸಿದರೆ ಗಾಬರಿ ಬೇಡ, ಎಕ್ಸೆಲ್ ಒಳಗೆ ದಿನಾಂಕ ಇರುವುದೇ ಹಾಗೆ. ಆಮೇಲೆ:

=ಇಂಡೆಕ್ಸ್(ಇ2:ಇ500,ಮ್ಯಾಚ್(ಜೆ1&"|"&ಜೆ2&"|"&ಜೆ3,ಜಿ2:ಜಿ500,0))

ಕೊನೆಯ ಸೊನ್ನೆ ಬಿಟ್ಟರೆ ತಪ್ಪು ಉತ್ತರವೂ ಸರಿಯಾದದ್ದರಂತೆಯೇ ಬಂದು ಕೂರುತ್ತದೆ.

ಎಣಿಕೆ 2 ಅಥವಾ ಹೆಚ್ಚು ಬಂದರೆ? ಒಂದೇ ಬೋಟಿನ ಬಂಗಡೆ ಒಂದೇ ದಿನ ಇಬ್ಬರಿಗೆ ಬೇರೆ ಬೇರೆ ದರಕ್ಕೆ ಹೋಗಿರಬಹುದು. ಮೇಲಿನ ಎರಡೂ ಸೂತ್ರಗಳು ಮೊದಲನೆಯದನ್ನಷ್ಟೇ ಹೇಳಿ ಉಳಿದದ್ದನ್ನು ನುಂಗುತ್ತವೆ, ತಕರಾರು ಹುಟ್ಟುವುದೂ ಇಲ್ಲೇ. ಎಲ್ಲ ಸಾಲುಗಳೂ ಬೇಕಿದ್ದರೆ ಎಕ್ಸೆಲ್ 2021, 365 ಮತ್ತು ಗೂಗಲ್ ಶೀಟ್ಸ್‌ನಲ್ಲಿ ಫಿಲ್ಟರ್ ಸೂತ್ರವಿದೆ:

=ಫಿಲ್ಟರ್(ಡಿ2:ಎಫ್500,(ಎ2:ಎ500=ಜೆ1)*(ಬಿ2:ಬಿ500=ಜೆ2)*(ಸಿ2:ಸಿ500=ಜೆ3))

ನನ್ನ ಆಯ್ಕೆ ಇದೇ. ಅದು ಏನನ್ನೂ ಮುಚ್ಚಿಡುವುದಿಲ್ಲ. ಒಟ್ಟು ಬೇಕಿದ್ದರೆ ಸಮ್‌ಇಫ್ಸ್ ಬಳಸಿ ಮೊತ್ತವನ್ನೂ ತೂಕವನ್ನೂ ಬೇರೆ ಬೇರೆ ಕೂಡಿಸಿ. ಮೊತ್ತವನ್ನು ತೂಕದಿಂದ ಭಾಗಿಸಿದರೆ ಬರುವುದೇ ನಿಜವಾದ ಸರಾಸರಿ ದರ. ದರಗಳನ್ನೇ ಕೂಡಿಸಿ ಎರಡರಿಂದ ಭಾಗಿಸುವುದು ತಪ್ಪು: 10 ಕಿಲೋ 200 ರೂಪಾಯಿಯಂತೆ, 90 ಕಿಲೋ 100 ರೂಪಾಯಿಯಂತೆ ಹೋದರೆ ಸರಾಸರಿ 150 ಅಲ್ಲ, 110.

ಇನ್ನು ಎಣಿಕೆ 0. ಮೀನು ಕಣ್ಣೆದುರೇ ಇದೆ, ಸೂತ್ರಕ್ಕೆ ಮಾತ್ರ ಕಾಣುತ್ತಿಲ್ಲ! ಒಬ್ಬರು ‘ಬಂಗಡೆ’, ಇನ್ನೊಬ್ಬರು ‘ಬಂಗ್ಡೆ’ ಎಂದು ಬರೆದಿರಬಹುದು. ಪದದ ಕೊನೆಗೆ ಖಾಲಿ ಜಾಗ ಉಳಿದಿರಬಹುದು (ಇದಕ್ಕೆ ಟ್ರಿಮ್ ಇದೆ). ಕನ್ನಡದಲ್ಲಿ ಇನ್ನೊಂದು ಕಾಟವಿದೆ: ಹಳೆಯ ನುಡಿ ಫಾಂಟಿನಲ್ಲಿ ಬರೆದ ‘ಬಂಗಡೆ’ಯೂ ಯೂನಿಕೋಡ್ ‘ಬಂಗಡೆ’ಯೂ ನಮಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಹಳೆಯದನ್ನು ಯೂನಿಕೋಡಿಗೆ ಪರಿವರ್ತಿಸದೆ ದಾರಿಯಿಲ್ಲ. ಹೊಸ ಹಾಳೆಯಲ್ಲಿ ಡೇಟಾ ವ್ಯಾಲಿಡೇಶನ್ ಮೂಲಕ ಬೋಟು ಮತ್ತು ಮೀನಿನ ಹೆಸರುಗಳ ಪಟ್ಟಿ ಕೊಟ್ಟು, ಅದರಿಂದಲೇ ಆರಿಸುವಂತೆ ಮಾಡಿ.

ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧವಿರುತ್ತದೆ. ಹಿಂದಿನ ಹಂಗಾಮಿನ ಹೆಸರುಗಳನ್ನು ಸರಿಪಡಿಸಿ ಪಟ್ಟಿ ಸಿದ್ಧಮಾಡುವ ಕೆಲಸವನ್ನು ಆ ಎರಡು ತಿಂಗಳಲ್ಲೇ ಮುಗಿಸಿಕೊಳ್ಳಿ.