ಬೆಚ್ಚನೆಯ ಮನೆಯೂ ವೆಚ್ಚದ ಲೆಕ್ಕವೂ

ಸುಖಸಂಸಾರದ ಲಕ್ಷಣಗಳನ್ನು ಎಣಿಸಹೊರಟ ಸರ್ವಜ್ಞನು ಬೆಚ್ಚಗಿನ ಮನೆಯನ್ನು ಮೊದಲು ಹೇಳಿ, ವೆಚ್ಚದ ಮಾತನ್ನು ಅದರ ಬೆನ್ನಿಗೇ ಹೇಳಿದನು. ಇವೆರಡಕ್ಕೂ ಇರುವ ನಂಟು ಗುಜರಾತಿಗೆ ಬಂದ ಮೇಲೆಯೇ ನಮಗೆ ಚೆನ್ನಾಗಿ ತಿಳಿಯಿತು. ನಾವು ಹುಟ್ಟಿ ಬೆಳೆದ ಕರಾವಳಿಯಲ್ಲಿ ಜನವರಿಯ ಇರುಳಿನಲ್ಲೂ ಉಷ್ಣತೆಯು 20-21 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿರುವುದು. ಅಹಮದಾಬಾದು, ವಡೋದರಗಳಲ್ಲಿ ಅದು ಸಾಮಾನ್ಯವಾಗಿ 12-13 ಡಿಗ್ರಿಗೆ ಇಳಿಯುವುದು. ಕೆಲವು ರಾತ್ರಿಗಳಲ್ಲಿ ಇನ್ನೂ ಕೆಳಗೆ ಹೋಗುವುದು. ಸಮುದ್ರಕ್ಕೆ ಹತ್ತಿರವಾದ ಸೂರತ್ತಿನಲ್ಲಿ ಚಳಿ ತುಸು ಕಡಿಮೆ.

ಇಲ್ಲಿಗೆ ಬಂದ ಮೊದಲನೆಯ ಚಳಿಗಾಲದಲ್ಲಿ ನಾವೊಂದು ತಪ್ಪು ಮಾಡಿದೆವು. ಬಾಡಿಗೆಯ ಒಂದೇ ಕೋಣೆ. ಕಿಟಕಿಯ ಸಂದುಗಳಿಗೆಲ್ಲ ಹಳೆಯ ಬಟ್ಟೆ ತುರುಕಿ, ಇಲ್ಲಿಯವರು ‘ಸಗಡಿ’ ಎನ್ನುವ ಇದ್ದಿಲಿನ ಅಗ್ಗಿಷ್ಟಿಕೆಯನ್ನು ಮಂಚದ ಬಳಿ ಇಟ್ಟುಕೊಂಡು ಓದುತ್ತ ಕುಳಿತೆವು. ಸ್ವಲ್ಪ ಹೊತ್ತಿನಲ್ಲಿ ತಲೆ ಸಿಡಿಯತೊಡಗಿತು. ಏಳಹೋದರೆ ಕಾಲು ಕುಸಿಯಿತು. ಏನೋ ಕೇಳಲು ಬಂದ ನೆರೆಮನೆಯ ‘ಬಾ’ ಆ ಹೊತ್ತಿಗೆ ಬಾಗಿಲು ತಟ್ಟದಿದ್ದರೆ ಈ ಪಾಠವನ್ನು ಬರೆಯಲು ನಾವು ಉಳಿಯುತ್ತಿರಲಿಲ್ಲವೇನೋ! ಆ ವೃದ್ಧೆ ಕಿಟಕಿಗಳನ್ನು ತೆರೆಸಿ, ನಮ್ಮನ್ನು ಹೊರಗೆ ಕೂರಿಸಿ, “ಬೆಂಕಿ ಹೊರಗಿರಬೇಕು ಮಾಸ್ತರ್, ಬಿಸಿಲು ಒಳಗಿರಬೇಕು” ಎಂದರು. ವಿದ್ಯಾರ್ಥಿಗಳೇ, ಆ ಮಾತನ್ನೇ ಇಂದಿನ ಪಾಠದ ಸೂತ್ರವನ್ನಾಗಿ ಇಟ್ಟುಕೊಳ್ಳೋಣ.

ಮೊದಲು ಬಿಸಿಲಿನ ವಿಚಾರ. ಅಹಮದಾಬಾದು ಸುಮಾರು 23 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಜೂನ್ 21ರ ನಡುಹಗಲಿನಲ್ಲಿ ಸೂರ್ಯನು ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಇರುವನು. ಡಿಸೆಂಬರ್ 21ರ ಹೊತ್ತಿಗೆ ಅವನು ದಕ್ಷಿಣಕ್ಕೆ ಸರಿದು, ನಡುಹಗಲಿನಲ್ಲೂ ದಿಗಂತದಿಂದ 43-44 ಡಿಗ್ರಿಯಷ್ಟೇ ಎತ್ತರದಲ್ಲಿ ಕಾಣುವನು. ಆದುದರಿಂದ ದಕ್ಷಿಣದ ಕಿಟಕಿಯ ಮೇಲಿನ ಸಜ್ಜವು ಬೇಸಿಗೆಯ ನಡುಹಗಲಿನ ಬಿಸಿಲನ್ನು ತಡೆಯುವುದು; ಚಳಿಗಾಲದ ಓರೆ ಬಿಸಿಲನ್ನು ಒಳಗೆ ಬಿಡುವುದು.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಇಲ್ಲಿಯ ಚಳಿಗಾಲದ ಹಗಲು ತಣ್ಣಗಿರುವುದಿಲ್ಲ. ಮಧ್ಯಾಹ್ನ ಉಷ್ಣತೆಯು ಸುಮಾರು 28 ಡಿಗ್ರಿಗೆ ಏರುವುದು. ಗಾಳಿ ಒಣಗಿದ್ದು ಆಕಾಶ ನಿರ್ಮಲವಾಗಿರುವುದರಿಂದ ನೆಲದ ಶಾಖವು ರಾತ್ರಿ ಬೇಗನೆ ಹೊರಟುಹೋಗುವುದು. ಹಾಗಾದರೆ ನಾವು ಮಾಡಬೇಕಾದುದೇನು? ಹೊತ್ತೇರಿದ ಮೇಲೆ ಕಿಟಕಿಗಳನ್ನು ತೆರೆದು ಬಿಸಿಲನ್ನೂ ಬೆಚ್ಚನೆಯ ಗಾಳಿಯನ್ನೂ ಬರಮಾಡಿಕೊಳ್ಳಬೇಕು. ಹೊತ್ತು ಮುಳುಗುವ ಮೊದಲೇ ಮುಚ್ಚಿ ಪರದೆ ಎಳೆಯಬೇಕು. ಹಗಲು ಕಾದ ಗೋಡೆ, ನೆಲಗಳು ಆ ಶಾಖವನ್ನು ಇರುಳಿನಲ್ಲಿ ಮೆಲ್ಲನೆ ಮರಳಿ ಕೊಡುವುವು. ಇದಕ್ಕೆ ಕಾಸಿನ ಖರ್ಚೂ ಇಲ್ಲ.

ಬಂದ ಶಾಖವನ್ನು ಉಳಿಸಿಕೊಳ್ಳುವುದು ಎರಡನೆಯ ಕೆಲಸ. ಶಾಖವು ವಹನ, ಸಂವಹನ, ವಿಕಿರಣ ಎಂಬ ಮೂರು ದಾರಿಗಳಿಂದ ಹೋಗುವುದೆಂದು ನೀವು ಓದಿರುವಿರಿ. ತಣ್ಣನೆಯ ನೆಲವು ಅಂಗಾಲಿನ ಶಾಖವನ್ನು ಎಳೆದುಕೊಳ್ಳುವುದು ವಹನ. ಅದಕ್ಕೆ ಚಾಪೆ, ಜಮಖಾನಗಳೇ ಮದ್ದು. ಬೆಚ್ಚನೆಯ ಗಾಳಿ ಮೇಲಿನ ಸಂದಿನಿಂದ ಹೊರಗೆ ಹೋಗಿ ತಣ್ಣನೆಯ ಗಾಳಿ ಕೆಳಗಿನಿಂದ ನುಗ್ಗುವುದು ಸಂವಹನ. ಬಾಗಿಲಿನ ಬುಡಕ್ಕೆ ಬಟ್ಟೆಯ ಸುರುಳಿಯನ್ನು ಇಟ್ಟರೆ ಅದು ತಗ್ಗುವುದು. ನಮ್ಮ ಉತ್ತರ ಕರ್ನಾಟಕದ ಕೌದಿಯೂ ಇಲ್ಲಿಯ ಗೋದಡಿಯೂ ಬೆಚ್ಚಗಿರುವುದೇಕೆ? ಹಳೆಯ ಬಟ್ಟೆಯ ಪದರಗಳ ನಡುವೆ ಸಿಕ್ಕಿಬಿದ್ದ ಗಾಳಿಯು ಶಾಖವನ್ನು ಸುಲಭವಾಗಿ ಬಿಟ್ಟುಕೊಡದು. 2017ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಹಳೆಯ ಅಹಮದಾಬಾದಿನ ಪೋಳ್‌ಗಳಲ್ಲಿ ಮನೆಗಳು ಒಂದಕ್ಕೊಂದು ಗೋಡೆಗೂಡಿಸಿ ನಿಂತಿವೆ. ಪಕ್ಕದ ಗೋಡೆಗಳು ಹೊರಗಿನ ಗಾಳಿಗೆ ಒಡ್ಡಿಕೊಳ್ಳದ ಕಾರಣ ಶಾಖದ ಸೋರಿಕೆ ಕಡಿಮೆ. ಚಳಿಯಲ್ಲಿ ಮಕ್ಕಳು ಒತ್ತಿಕೊಂಡು ಮಲಗುವಂತೆ ಈ ಮನೆಗಳೂ ಒಂದರಿಂದ ಇನ್ನೊಂದು ಬೆಚ್ಚಗಿರುವುವು.

ಇನ್ನು ವೆಚ್ಚದ ಲೆಕ್ಕ. 1000 ವ್ಯಾಟಿನ ಹೀಟರು ಒಂದು ಗಂಟೆಗೆ ಒಂದು ಯೂನಿಟ್ ವಿದ್ಯುತ್ತನ್ನು ನುಂಗುವುದು. ದಿನಕ್ಕೆ 3 ಗಂಟೆಯಂತೆ 30 ದಿನಗಳಿಗೆ 90 ಯೂನಿಟ್. ಕಲ್ಲಿದ್ದಲಿನ ಸ್ಥಾವರದಲ್ಲಿ ಒಂದು ಯೂನಿಟ್ಟಿಗೆ ಸುಮಾರು ಮುಕ್ಕಾಲು ಕಿಲೋಗ್ರಾಮಿಗೆ ತುಸು ಕಡಿಮೆ ಇದ್ದಲು ಬೇಕು. ಅಂದರೆ ಒಂದೇ ಕೋಣೆಗಾಗಿ ತಿಂಗಳಿಗೆ ಸುಮಾರು 60 ಕಿಲೋಗ್ರಾಂ! ಮನೆಯಲ್ಲಿ ಶಿಶುಗಳೋ ವೃದ್ಧರೋ ರೋಗಿಗಳೋ ಇದ್ದರೆ ಹೀಟರು ಬೇಕಾದೀತು. ಅದರ ವೆಚ್ಚಕ್ಕಾಗಿ ಅವರನ್ನು ಚಳಿಯಲ್ಲಿ ನಡುಗಿಸುವುದು ಉಳಿತಾಯವಲ್ಲ. ಆದರೆ ಕಿಟಕಿಯನ್ನು ತೆರೆದಿಟ್ಟು ಹೀಟರು ಉರಿಸುವುದು ತೂತಿನ ಕೊಡಕ್ಕೆ ನೀರು ಹೊಯ್ದಂತೆ.

ಕಡೆಯ ಮಾತು ಎಲ್ಲಕ್ಕಿಂತ ಮುಖ್ಯವಾದುದು. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುವುದು. ದೇಹಕ್ಕೆ ಆಮ್ಲಜನಕ ದೊರೆಯದೆ ಹೋಗುವುದು. ತಲೆನೋವು, ವಾಕರಿಕೆ, ಮಂಪರುಗಳಾದೊಡನೆ ಹೊರಗಿನ ಗಾಳಿಗೆ ಬರಬೇಕು. 108ಕ್ಕೆ ಕರೆ ಮಾಡಬೇಕು. ಸಗಡಿಯನ್ನು ಮಲಗುವ ಕೋಣೆಗೆ ತರಲೇಬಾರದು. ಗಾಳಿಯಾಡದ ಬಚ್ಚಲಿನ ಗ್ಯಾಸ್ ಗೀಸರೂ ಇಷ್ಟೇ ಅಪಾಯಕರ. ಅಡುಗೆಮನೆಯ ಗಾಳಿಕಿಂಡಿಯನ್ನು ಚಳಿಯ ನೆಪದಿಂದ ಮುಚ್ಚಬೇಡಿರಿ.

ಅಭ್ಯಾಸ: 1. ಊದುಬತ್ತಿಯ ಹೊಗೆಯನ್ನು ಬಾಗಿಲು ಕಿಟಕಿಗಳ ಸಂದಿಗೆ ಹಿಡಿದು, ಗಾಳಿ ನುಗ್ಗುವ ಎಡೆಗಳನ್ನು ಗುರುತಿಸಿರಿ. 2. ಉತ್ತರಾಯಣದ ದಿನದಿಂದ ಒಂದು ವಾರ, ಬೆಳಿಗ್ಗೆ 7ಕ್ಕೂ ಮಧ್ಯಾಹ್ನ 3ಕ್ಕೂ, ಮನೆಯ ಒಳಗಿನ ಮತ್ತು ಹೊರಗಿನ ಉಷ್ಣತೆಯನ್ನು ಬರೆದಿಡಿರಿ. 3. ಕಿಟಕಿಗಳನ್ನು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದನ್ನು ಆ ಅಂಕಿಗಳಿಂದಲೇ ನಿರ್ಣಯಿಸಿ ಮನೆಯವರಿಗೆ ತಿಳಿಸಿರಿ.